ಅರವತ್ತೋ, ಎಂಬತ್ತೋ, ನೂರೋ: ಶಿವಮೊಗ್ಗ–ಬೆಂಗಳೂರು ದಾರಿಯಲ್ಲಿ ಒಂದು ಗಂಟೆಯ ಬೆಲೆ

ಕಳೆದ ತಿಂಗಳು ತೀರ್ಥಹಳ್ಳಿ ಕಡೆಯ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಸಣ್ಣ ಜಗಳ ಹತ್ತಿಕೊಂಡಿತು. ಎಣ್ಣೆ ಉಳಿಸಲು ಹೆದ್ದಾರಿಯ ವೇಗಮಿತಿಯನ್ನು ಇಳಿಸಬೇಕೇ ಬೇಡವೇ ಎಂಬುದು ವಿಷಯ. ನಮ್ಮ ಭಾವನವರಿಗೆ ಅಡಿಕೆ ತೋಟವಿದೆ, ಕಾರಿದೆ, ಕಾರಿನ ವೇಗ ಗಂಟೆಗೆ ಅರವತ್ತು ಕಿ.ಮೀ. ದಾಟಿದರೆ ಎದೆ ಬಡಿತವೂ ಇದೆ. ಅವರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಶುಕ್ರವಾರ ಸಂಜೆ ಹೊರಟರೆ ನಡುರಾತ್ರಿಯ ಒಳಗೆ ಮನೆ ಸೇರಬೇಕು, ನೂರಕ್ಕಿಂತ ಕಡಿಮೆಯೆಂದರೆ ಅವನಿಗೆ ಎತ್ತಿನ ಗಾಡಿ. ಇಬ್ಬರ ನಡುವೆ ಕುಳಿತಿದ್ದವರು ಟ್ಯಾಕ್ಸಿ ಓಡಿಸುವವರು. "ನನ್ನ ಗಾಡಿಗೆ ವೇಗ ಎಂಬತ್ತು ದಾಟದಂತೆ ಬೀಗ ಹಾಕಿ ಕೊಟ್ಟಿದ್ದಾರೆ, ಈ ಚರ್ಚೆ ನನಗೇಕೆ?" ಎಂದು ಹಪ್ಪಳ ಮುರಿದರು.

ಪಾಯಸ ಬರುವ ಹೊತ್ತಿಗೆ ಮೂವರೂ ನನ್ನ ಕಡೆ ತಿರುಗಿದ್ದರು. ನನಗೊಂದು ಚಟವಿದೆ ಎಂಬುದು ಬಂಧುಬಳಗಕ್ಕೆಲ್ಲ ಗೊತ್ತು. ಬಂಕಿನಲ್ಲಿ ಟ್ಯಾಂಕ್ ತುಂಬಿಸಿದಾಗಲೆಲ್ಲ ಕಿಲೋಮೀಟರು ಮತ್ತು ಲೀಟರನ್ನು ಡೈರಿಯಲ್ಲಿ ಬರೆದಿಡುತ್ತೇನೆ. ಹೆಂಡತಿ ಇದನ್ನು ಪಂಚಾಂಗ ಎನ್ನುತ್ತಾಳೆ. ಆ ಪಂಚಾಂಗ ತೆರೆದು ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಸಾವಕಾಶವಾಗಿ ಬರೆಯುತ್ತಿದ್ದೇನೆ. ಆಮೇಲೆ ಇನ್ನೂ ನಾಲ್ಕೈದು ಜನ ಇದೇ ಪ್ರಶ್ನೆ ಕೇಳಿದರು.

ಮೊದಲು ತಕ್ಕಡಿ ಸರಿ ಮಾಡಿಕೊಳ್ಳೋಣ. ವೇಗವನ್ನು ನಾನು ಅಳೆಯುವುದು ನಾಲ್ಕು ಪ್ರಶ್ನೆಗಳಿಂದ. ಒಂದು, ಒಂದು ಗಂಟೆ ಬೇಗ ತಲುಪಲು ಎಷ್ಟು ರೂಪಾಯಿಯ ಎಣ್ಣೆ ಹೆಚ್ಚು ಸುಡಬೇಕು? ಎರಡು, ರಸ್ತೆ ಆ ವೇಗಕ್ಕೆ ಒಪ್ಪುತ್ತದೆಯೇ, ಅಂದರೆ ಹತ್ತು ನಿಮಿಷವಾದರೂ ಬ್ರೇಕ್ ಮುಟ್ಟದೆ ಅದೇ ವೇಗದಲ್ಲಿ ಸಾಗಬಹುದೇ? ಮೂರು, ಎಣ್ಣೆಯ ದುಡ್ಡು ಯಾರ ಜೇಬಿನದು, ಉಳಿದ ಸಮಯ ಯಾರದು? ನಾಲ್ಕು, ಎಮ್ಮೆಯೊಂದು ಅಡ್ಡ ಬಂದರೆ ಗಾಡಿ ನಿಲ್ಲುತ್ತದೆಯೇ? ಜನ ಸಾಮಾನ್ಯವಾಗಿ ಕೇಳುವುದು "ಮೈಲೇಜ್ ಎಷ್ಟು" ಎಂದು ಮಾತ್ರ. ಅದೊಂದನ್ನೇ ನೋಡಿದರೆ ಭಾವನವರೇ ಗೆಲ್ಲುತ್ತಾರೆ. ಆದರೆ ಬೆಂಗಳೂರಿಗೆ ಹೋಗಿ ಬರುವುದರಲ್ಲಿ ಅವರ ದಿನವೇ ಮುಗಿದಿರುತ್ತದೆ.

ಗಾಳಿಯ ವಿಷಯ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಸಪಾಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವ ಕಾರು ಮುಖ್ಯವಾಗಿ ಎರಡು ತಡೆಗಳ ವಿರುದ್ಧ ದುಡಿಯುತ್ತದೆ, ಟೈರು ಉರುಳುವಾಗಿನ ತಡೆ ಮತ್ತು ಗಾಳಿಯ ತಡೆ. ಟೈರಿನದು ವೇಗಕ್ಕೆ ಹೆಚ್ಚು ಬದಲಾಗುವುದಿಲ್ಲ. ಗಾಳಿಯದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚಿದ್ದು ಕಾಲುಭಾಗ, ಗಾಳಿಯ ತಡೆ ಹೆಚ್ಚಿದ್ದು ಶೇ 56. ಇನ್ನೊಂದು ತುದಿಯಲ್ಲಿ, ತೀರ ನಿಧಾನವಾದರೂ ಲಾಭವಿಲ್ಲ. ಮೂವತ್ತು–ನಲವತ್ತರಲ್ಲಿ ಕೆಳಗಿನ ಗೇರಿನಲ್ಲಿ ತೆವಳುವಾಗ, ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲು ಸುಡುವ ಎಣ್ಣೆಯೇ ದೊಡ್ಡ ಪಾಲಾಗುತ್ತದೆ. ಇಂಧನ ಉಳಿತಾಯದ ಪ್ರಚಾರ ಮಾಡುವ ಸರ್ಕಾರಿ ಸಂಸ್ಥೆ ಪಿಸಿಆರ್‌ಎ ವರ್ಷಗಳಿಂದ 45–55ರ ವೇಗವನ್ನು ಶಿಫಾರಸು ಮಾಡುತ್ತ ಬಂದಿದೆ. ಎಣ್ಣೆಯೊಂದನ್ನೇ ನೋಡಿದರೆ ಆ ಮಾತು ಸರಿ.

ಈಗ ದಾರಿಗೆ ಬರೋಣ. ಭದ್ರಾವತಿ, ತರೀಕೆರೆ, ಬೀರೂರು, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಹಾದು ಬೆಂಗಳೂರಿಗೆ ಸುಮಾರು 280 ಕಿ.ಮೀ. ಇದರಲ್ಲಿ ಊರು, ಸಂತೆ, ಶಾಲೆಯ ಮುಂದಿನ ಹಂಪ್, ಕಾಮಗಾರಿಯ ಡೈವರ್ಷನ್, ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ಎಲ್ಲವನ್ನೂ ಕಳೆದರೆ, ವೇಗ ಎಷ್ಟಿರಬೇಕೆಂದು ನಾವೇ ನಿರ್ಧರಿಸಬಹುದಾದ ದೂರ ನನ್ನ ಅಂದಾಜಿನಲ್ಲಿ 150 ಕಿ.ಮೀ. ಉಳಿದದ್ದನ್ನು ರಸ್ತೆಯೇ ನಿರ್ಧರಿಸುತ್ತದೆ. ಹಾಗಾಗಿ ಲೆಕ್ಕವೆಲ್ಲ ಈ 150ಕ್ಕೆ ಮಾತ್ರ. ನನ್ನದು ಸಾಧಾರಣ ಸಣ್ಣ ಪೆಟ್ರೋಲ್ ಕಾರು. ಒಂದೇ ಸಮನೆ 60ರಲ್ಲಿ ಲೀಟರಿಗೆ 21, 80ರಲ್ಲಿ 19, 100ರಲ್ಲಿ 16 ಕಿ.ಮೀ. ಎನ್ನುತ್ತದೆ ಪಂಚಾಂಗ. ಪೆಟ್ರೋಲನ್ನು ಲೆಕ್ಕದ ಅನುಕೂಲಕ್ಕೆ ಲೀಟರಿಗೆ 100 ರೂಪಾಯಿ ಎಂದು ಹಿಡಿಯುತ್ತೇನೆ.

ಭಾವನವರ ಅರವತ್ತನ್ನು ಮೊದಲು ತೂಗೋಣ. 150 ಕಿ.ಮೀ.ಗೆ ಎರಡೂವರೆ ಗಂಟೆ, ಸುಮಾರು 715 ರೂಪಾಯಿ. ಎಂಬತ್ತಕ್ಕೆ ಏರಿಸಿದರೆ ಸುಮಾರು 790 ರೂಪಾಯಿ, 37 ನಿಮಿಷ ಉಳಿತಾಯ. ಅಂದರೆ ಎಪ್ಪತ್ತೈದು ರೂಪಾಯಿಗೆ ಮೂವತ್ತೇಳು ನಿಮಿಷ ಸಿಕ್ಕಿತು, ಗಂಟೆಗೆ 120 ರೂಪಾಯಿ. ಈ ಬೆಲೆಗೆ ಸಮಯ ಕೊಳ್ಳದವರು ವಿರಳ. ತೋಟದ ಕೆಲಸಕ್ಕೆ ಒಂದು ಆಳಿಗೆ ಕೊಡುವ ದಿನಗೂಲಿಯನ್ನು ಗಂಟೆಗೆ ಹಂಚಿ ನೋಡಿ ಎಂದು ಭಾವನವರಿಗೆ ಹೇಳಿದೆ, ಅವರು ಮಾತು ಬದಲಿಸಿದರು. ಇನ್ನೊಂದು ತೊಂದರೆಯೂ ಇದೆ. ನಾಲ್ಕು ಪಥದ ರಸ್ತೆಯ ಬಲಬದಿಯಲ್ಲಿ ಅರವತ್ತರಲ್ಲಿ ಹೋಗುವ ಕಾರು ಹಿಂದಿನವರಿಗೆಲ್ಲ ಬ್ರೇಕ್ ಒತ್ತಿಸುತ್ತದೆ, ಎಡದಿಂದ ನುಗ್ಗುವಂತೆ ಕೆರಳಿಸುತ್ತದೆ. ನಿಧಾನ ಹೋಗುವವರು ಎಡಕ್ಕಿರಬೇಕು ಎಂಬುದು ನಮ್ಮಲ್ಲಿ ಚಾಲನಾ ಪರೀಕ್ಷೆಯ ದಿನ ಮಾತ್ರ ನೆನಪಿರುವ ನಿಯಮ.

ಆದರೂ ಅರವತ್ತು ಸರಿಹೊಂದುವ ಇಬ್ಬರಿದ್ದಾರೆ. ಮೊದಲನೆಯವರು ಬೈಕಿನವರು. ನೆಟ್ಟಗೆ ಕುಳಿತ ಮೈಯೇ ಗಾಳಿಗೆ ಒಡ್ಡಿದ ಗೋಡೆ, ಐವತ್ತು–ಅರವತ್ತು ದಾಟಿದರೆ ಸಾಧಾರಣ ಬೈಕಿನ ಮೈಲೇಜ್ ಕುಸಿಯುತ್ತದೆ. ಎರಡನೆಯವರು ಅಡಿಕೆಯನ್ನೋ ಶುಂಠಿಯನ್ನೋ ಹೇರಿಕೊಂಡು ಹೋಗುವ ಲಾರಿ ಮಾಲೀಕರು. ಲಾರಿಯ ಮುಖ ಚಪ್ಪಟೆ, ಅಗಲ, ಎತ್ತರ, ಅದರ ಓಡಾಟದ ಖರ್ಚಿನಲ್ಲಿ ಡೀಸೆಲ್ಲೇ ದೊಡ್ಡದು. ಇಲ್ಲಿ ಮೂರನೆಯ ಪ್ರಶ್ನೆ ಏಳುತ್ತದೆ. ಡೀಸೆಲ್ ಮಾಲೀಕರದು, ಬೇಗ ತಲುಪಿದರೆ ಇನ್ನೊಂದು ಟ್ರಿಪ್ ಸಿಗುವುದು ಚಾಲಕನಿಗೆ. ಟ್ರಿಪ್ಪಿಗೆ ಇಷ್ಟು ಎಂದು ಸಂಬಳ ಕೊಟ್ಟು "ನಿಧಾನ ಹೋಗಪ್ಪ" ಎಂದರೆ ಯಾರು ಕೇಳುತ್ತಾರೆ? ಉಳಿಸಿದ ಡೀಸೆಲ್ಲಿನಲ್ಲಿ ಚಾಲಕನಿಗೂ ಪಾಲು ಕೊಡುವ ಮಾಲೀಕರೊಬ್ಬರನ್ನು ನಾನು ಬಲ್ಲೆ, ಅವರ ಲಾರಿಗಳು ಅರವತ್ತರಲ್ಲೇ ಹೋಗುತ್ತವೆ. ಕಂಪನಿ ಎಣ್ಣೆ ಹಾಕಿಸುವ ಕಾರುಗಳು ಏಕೆ ಸದಾ ಬಿರುಗಾಳಿಯಂತೆ ಹೋಗುತ್ತವೆ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ.

ಇನ್ನು ಎಂಬತ್ತಕ್ಕೂ ನೂರಕ್ಕೂ ಇರುವ ಪಂದ್ಯ. ನಿಜವಾದ ಗೊಂದಲ ಇರುವುದು ಇಲ್ಲೇ. ನೂರರಲ್ಲಿ ಆ 150 ಕಿ.ಮೀ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಪೆಟ್ರೋಲ್ ಸುಮಾರು 940 ರೂಪಾಯಿ. ಎಂಬತ್ತಕ್ಕಿಂತ 22 ನಿಮಿಷ ಬೇಗ, 150 ರೂಪಾಯಿ ಹೆಚ್ಚು. ಗಂಟೆಯ ಬೆಲೆ 400 ರೂಪಾಯಿ. ಅರವತ್ತರಿಂದ ಎಂಬತ್ತಕ್ಕೆ ಏರಿದಾಗ 120 ರೂಪಾಯಿಗೆ ಸಿಕ್ಕ ಗಂಟೆ ಇಲ್ಲಿ ಮೂರು ಪಟ್ಟಿಗಿಂತ ದುಬಾರಿಯಾಗಿದೆ. ಬೆಂಗಳೂರಿನ ಸಂಬಳದ ಹುಡುಗನಿಗೆ 400 ದೊಡ್ಡದಲ್ಲ. ಕಾರಿನಲ್ಲಿ ನಾಲ್ವರಿದ್ದರಂತೂ ತಲೆಗೆ ನೂರೇ ಬಿತ್ತು. ಹಾಗೆಂದು ಆತ ಗೆದ್ದನೆಂದು ತೀರ್ಪು ಕೊಡಲು ನಾನು ಸಿದ್ಧನಿಲ್ಲ, ಏಕೆಂದರೆ ಹಂಪಿನ ಲೆಕ್ಕ ಇನ್ನೂ ಬಾಕಿ ಇದೆ.

ಜನರೊಂದಿಗೆ 1,200 ಕಿಲೋ ತೂಗುವ ಕಾರು ನೂರರ ವೇಗದಲ್ಲಿ ಹೊತ್ತಿರುವ ಶಕ್ತಿಯನ್ನು ಬ್ರೇಕ್ ಒತ್ತಿದ ಕ್ಷಣ ಶಾಖವಾಗಿ ಚೆಲ್ಲಿಬಿಡುತ್ತೇವೆ. ಮತ್ತೆ ಅದೇ ವೇಗ ಹಿಡಿಯಲು ಹೊಸದಾಗಿ ಎಣ್ಣೆ ಸುಡಬೇಕು. ಪೆಟ್ರೋಲಿನ ಶಕ್ತಿಯಲ್ಲಿ ಕಾಲುಭಾಗ ಚಕ್ರಕ್ಕೆ ಬರುತ್ತದೆ ಎಂದು ಹಿಡಿದರೆ, ನಿಂತಲ್ಲಿಂದ ನೂರಕ್ಕೆ ಒಯ್ಯಲು ಸುಮಾರು 58 ಮಿಲಿಲೀಟರ್ ಬೇಕು, ಎಂಬತ್ತಕ್ಕೆ 37, ಅರವತ್ತಕ್ಕೆ 21. ರೂಪಾಯಿಯಲ್ಲಿ ಹೇಳುವುದಾದರೆ ಒಂದೊಂದು ಹಂಪೂ ನೂರರವನಿಗೆ ಆರು ರೂಪಾಯಿಯ ಹತ್ತಿರ, ಎಂಬತ್ತರವನಿಗೆ ನಾಲ್ಕರ ಒಳಗೆ, ಅರವತ್ತರವನಿಗೆ ಎರಡು. ಇಂಥ ಮೂವತ್ತು ನಿಲುಗಡೆ ಸೇರಿಸಿದರೆ ನೂರರ ಪ್ರಯಾಣಕ್ಕೆ ಎಂಬತ್ತಕ್ಕಿಂತ ಇನ್ನೂ ಅರವತ್ತು ರೂಪಾಯಿಯಷ್ಟು ಕೂಡಿಕೊಳ್ಳುತ್ತದೆ. ಸಮಯ ಮಾತ್ರ ಅಷ್ಟಾಗಿ ಉಳಿಯುವುದಿಲ್ಲ, ಕಡೂರಿನ ಆಚೆ ನಿಮ್ಮನ್ನು ಸರ್ರನೆ ಹಿಂದಿಕ್ಕಿ ಹೋದ ಕಾರು ಬಾಣಾವರದ ಬಳಿ ಅದೇ ಟ್ಯಾಂಕರಿನ ಹಿಂದೆ ಕಾಯುತ್ತಿರುತ್ತದೆ. ಉಳಿದದ್ದೇನಾದರೂ ಇದ್ದರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕಾಯುವುದರಲ್ಲಿ ಹೋಗುತ್ತದೆ. ನಾನೂ ಕಾದಿದ್ದೇನೆ, ಪಶ್ಚಾತ್ತಾಪವಿಲ್ಲ.

ಆದ್ದರಿಂದ ನನ್ನ ಉತ್ತರ ರಸ್ತೆಗೆ ತಕ್ಕಂತೆ ಒಡೆಯುತ್ತದೆ. ತುಮಕೂರು–ಬೆಂಗಳೂರಿನಂಥ ಅಗಲವಾದ, ನಡುವೆ ವಿಭಜಕವಿರುವ ರಸ್ತೆ ಮುಂಜಾನೆ ಖಾಲಿಯಿದ್ದರೆ ನೂರು ನಿಮ್ಮ ಇಷ್ಟ, ಬೆಲೆ ಕೊಡಲು ಸಿದ್ಧರಿದ್ದರೆ ಕೊಡಿ. ಶಿವಮೊಗ್ಗದಿಂದ ತುಮಕೂರಿನವರೆಗೆ ಎಲ್ಲಿ ನಾಲ್ಕು ಪಥ ಕೈಗೆ ಸಿಗುತ್ತದೋ ಅಲ್ಲಿ ಎಂಬತ್ತು. ಎರಡೇ ಪಥ ಇರುವಲ್ಲಿ ಈ ಪ್ರಶ್ನೆಯೇ ಏಳಬಾರದು, ಕಾನೂನಿನ ಮಿತಿಯೇ ಅದಕ್ಕಿಂತ ಕೆಳಗಿದೆ. ನೂರಿಪ್ಪತ್ತರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೂರರಿಂದ ಅಲ್ಲಿಗೆ ಹೋದರೆ ನೂರು ಕಿ.ಮೀ.ಗೆ ಉಳಿಯುವುದು ಹತ್ತೇ ನಿಮಿಷ, ಗಾಳಿಯ ತಡೆ ಮತ್ತೆ ಶೇ 44 ಹೆಚ್ಚು. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರವೂ ಅದೇ ಪ್ರಮಾಣದಲ್ಲಿ ಉದ್ದವಾಗುತ್ತದೆ. ಎಮ್ಮೆಗೆ ಈ ಲೆಕ್ಕ ಗೊತ್ತಿಲ್ಲ.

ವಿದ್ಯುತ್ ಕಾರಿನವರಿಗೆ ಎಂಬತ್ತು ಇನ್ನೂ ಲಾಭ. ನೂರರಲ್ಲಿ ಬ್ಯಾಟರಿ ಬೇಗ ಇಳಿದು, ದಾರಿಯಲ್ಲಿ ಚಾರ್ಜಿಗೆಂದು ಅರ್ಧ ಗಂಟೆ ನಿಲ್ಲಬೇಕಾಗಿ ಬಂದರೆ ಉಳಿಸಿದ ಸಮಯ ಅಲ್ಲೇ ಹೋಯಿತು. ನಿಧಾನವಾಗಿ ಹೋದವರು ಮೊದಲು ತಲುಪಬಹುದು.

ಘಟ್ಟದ ಕಡೆಯವರು ಮೇಲಿನ ಲೆಕ್ಕವನ್ನೆಲ್ಲ ಮಡಚಿಟ್ಟುಬಿಡಿ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಹಾದು ತೀರ್ಥಹಳ್ಳಿಗೆ ಹೋಗುವಾಗ ಒಂದು ಕಡೆ ತುಂಗೆ, ಇನ್ನೊಂದು ಕಡೆ ಕಾಡು. ಅಲ್ಲಿ ಎಣ್ಣೆ ತಿನ್ನುವುದು ಗಾಳಿಯಲ್ಲ, ತಿರುವು ಮತ್ತು ಏರು. ತಿರುವಿಗೆ ಮೊದಲು ಒತ್ತುವ ಪ್ರತಿ ಬ್ರೇಕೂ ಒಂದು ಹಂಪ್ ಇದ್ದಂತೆ. ಐವತ್ತರಲ್ಲಿ ಹದವಾಗಿ ಹೋಗುವವನು, ಎಪ್ಪತ್ತಕ್ಕೆ ಎಳೆದು ಮೂವತ್ತಕ್ಕೆ ಇಳಿಸಿ ಮತ್ತೆ ಎಪ್ಪತ್ತಕ್ಕೆ ಎಳೆಯುವವನಿಗಿಂತ ಕಡಿಮೆ ಸುಡುತ್ತಾನೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ ತಲುಪುತ್ತಾನೆ. ಹಿಂದೆ ಕುಳಿತವರು ವಾಂತಿ ಮಾಡದಿರುವುದು ಲೆಕ್ಕಕ್ಕೆ ಸಿಗದ ಉಳಿತಾಯ.

ಏರಿನಲ್ಲಿ ಯಾರಿಗೂ ರಿಯಾಯಿತಿಯಿಲ್ಲ. ಅದೇ 1,200 ಕಿಲೋ ಕಾರನ್ನು ಐನೂರು ಮೀಟರ್ ಎತ್ತರಕ್ಕೆ ಹತ್ತಿಸಲು, ನಿಧಾನ ಹೋದರೂ ಜೋರಾಗಿ ಹೋದರೂ, ಸುಮಾರು ಮುಕ್ಕಾಲು ಲೀಟರ್ ಬೇಕೇ ಬೇಕು. ಇಳಿಜಾರಿನಲ್ಲಿ ಅದನ್ನು ಮರಳಿ ಪಡೆಯುತ್ತೇನೆಂದು ನ್ಯೂಟ್ರಲ್‌ಗೆ ಹಾಕಿ ಬಿಡುವ ಹಳೆಯ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಕಾರ್ಬ್ಯುರೇಟರ್ ಕಾಲದ ಆ ಬುದ್ಧಿ ಈಗ ಎರಡು ರೀತಿಯಲ್ಲಿ ತಪ್ಪು. ಇಂದಿನ ಫ್ಯೂಯೆಲ್ ಇಂಜೆಕ್ಷನ್ ಎಂಜಿನ್, ಗೇರಿನಲ್ಲಿದ್ದು ಎಕ್ಸಲರೇಟರ್‌ನಿಂದ ಕಾಲು ತೆಗೆದರೆ, ಎಣ್ಣೆಯನ್ನು ತಾನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಆರಿಹೋಗದಿರಲು ಸುಡುತ್ತಲೇ ಇರಬೇಕು. ಅದಕ್ಕಿಂತ ದೊಡ್ಡದು, ಎಂಜಿನ್ನಿನ ಹಿಡಿತವಿಲ್ಲದೆ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಬ್ರೇಕಿನಲ್ಲೇ ಇಳಿದರೆ ಸೋಮೇಶ್ವರ ತಲುಪುವ ಮೊದಲೇ ಬ್ರೇಕ್ ಕಾದು ಸಡಿಲವಾಗಬಹುದು. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂದು ಹಿರಿಯ ಬಸ್ ಚಾಲಕರು ಹೇಳುವುದು ಎಣ್ಣೆಗೂ ಜೀವಕ್ಕೂ ಒಪ್ಪುವ ಮಾತು. ಇನ್ನು ಜುಲೈ ಮಳೆಯಲ್ಲಿ, ಮಂಜು ಕವಿದಾಗ, ವೇಗದ ಮಾತು ಬೇಡ.

ಕಾರನ್ನೇ ಬಿಡುವ ಆಯ್ಕೆಯೂ ಒಂದಿದೆ, ಒಬ್ಬರೇ ಹೋಗುವವರು ಅದನ್ನು ತಳ್ಳಿಹಾಕಬಾರದು. ಒಬ್ಬರಿಗೆ 280 ಕಿ.ಮೀ. ಕಾರೆಂದರೆ ಟೋಲ್ ಬಿಟ್ಟು 1,600 ರೂಪಾಯಿಯ ಹತ್ತಿರ ಪೆಟ್ರೋಲ್. ಬೆಳಗಿನ ಜಾವ ಶಿವಮೊಗ್ಗ ಬಿಡುವ ಜನಶತಾಬ್ದಿ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಬೆಂಗಳೂರಿಗೆ ಮುಟ್ಟಿಸುತ್ತದೆ, ಎರಡನೇ ದರ್ಜೆಯ ಸೀಟಿಗೆ ಆ ಪೆಟ್ರೋಲಿನ ಕಾಲುಭಾಗವೂ ಆಗದು. ಸರ್ಕಾರಿ ಬಸ್ಸು ತಡವಾದರೂ ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚೇ ಇಲ್ಲ. ಮೂವರೋ ನಾಲ್ವರೋ ಆದರೆ, ಸಾಮಾನು ಇದ್ದರೆ, ಇಳಿದ ಮೇಲೆ ಊರೊಳಗೆ ಓಡಾಟವಿದ್ದರೆ ಕಾರು ಗೆಲ್ಲುತ್ತದೆ. ಶುಕ್ರವಾರ ರಾತ್ರಿ ದಣಿದು ಹೊರಡುವ ನಮ್ಮ ಹುಡುಗನಿಗೆ ನಾನು ಹೇಳಿದ್ದು ರಾತ್ರಿ ರೈಲು. ಅವನು ಟಿಕೆಟ್ ಸಿಗುವುದಿಲ್ಲ ಎಂದ. ಅದೂ ಸುಳ್ಳಲ್ಲ.

ಇಷ್ಟೂ ನಮ್ಮ ನಮ್ಮ ಕಾಲಿನ ಕೆಳಗಿನ ತೀರ್ಮಾನ. ಪಂಕ್ತಿಯಲ್ಲಿ ಜಗಳ ಹತ್ತಿದ್ದು ಸರ್ಕಾರವೇ ಮಿತಿ ಇಳಿಸಲಿ ಎಂಬುದರ ಮೇಲೆ, ಅದನ್ನೂ ತೂಗಿಬಿಡುತ್ತೇನೆ.

ಇದನ್ನು ದೊಡ್ಡದಾಗಿ ಮಾಡಿ ನೋಡಿದ್ದು ಅಮೆರಿಕ. 1973ರ ತೈಲ ಬಿಕ್ಕಟ್ಟಿನ ನಂತರ, 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನು ದೇಶಕ್ಕೆಲ್ಲ ಗಂಟೆಗೆ 55 ಮೈಲಿ, ಅಂದರೆ 89 ಕಿ.ಮೀ.ಗಳ ಮಿತಿ ತಂದಿತು. ಉಳಿತಾಯ ಶೇ 1ರ ಆಸುಪಾಸಿನಲ್ಲೇ ನಿಂತಿತು ಎಂಬುದು ನಂತರದ ಅಂದಾಜುಗಳ ಸಾರ, ಜನ ಪಾಲಿಸಲಿಲ್ಲ. ಆದರೆ ರಸ್ತೆ ಸಾವುಗಳು 1973ರ ಸುಮಾರು 54 ಸಾವಿರದಿಂದ 1974ರಲ್ಲಿ 45 ಸಾವಿರಕ್ಕೆ ಇಳಿದವು. ಆ ವರ್ಷ ಎಣ್ಣೆಯ ಅಭಾವದಿಂದ ಜನ ಓಡಾಡಿದ್ದೂ ಕಡಿಮೆ, ಎಲ್ಲ ಪುಣ್ಯವನ್ನೂ ಮಿತಿಗೇ ಕೊಡಲಾಗದು. 1995ರಲ್ಲಿ ಆ ಕಾನೂನು ರದ್ದಾಯಿತು. 2011ರಲ್ಲಿ ಲಿಬಿಯಾದ ಗಲಭೆಯಿಂದ ತೈಲ ಬೆಲೆ ಏರಿದಾಗ ಸ್ಪೇನ್ 120ನ್ನು 110ಕ್ಕೆ ಇಳಿಸಿ, ನಾಲ್ಕು ತಿಂಗಳು ತುಂಬುವ ಮೊದಲೇ ಹಿಂದಕ್ಕೆ ಪಡೆಯಿತು. ನೆದರ್‌ಲ್ಯಾಂಡ್ಸ್ 2020ರಲ್ಲಿ ಹಗಲಿನ ಮಿತಿಯನ್ನು 100ಕ್ಕೆ ತಂದಿತು, ಕಾರಣ ಎಣ್ಣೆಯಲ್ಲ, ನೈಟ್ರೋಜನ್ ಮಾಲಿನ್ಯ. 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದ ಹೊತ್ತಿಗೆ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಕೊಟ್ಟ ಹತ್ತು ಸಲಹೆಗಳಲ್ಲಿ, ಹೆದ್ದಾರಿ ವೇಗವನ್ನು ಕನಿಷ್ಠ 10 ಕಿ.ಮೀ. ಇಳಿಸಿ ಎಂಬುದೂ ಒಂದು.

ನಮ್ಮಲ್ಲಿ 2018ರಲ್ಲಿ ಕೇಂದ್ರ ನಿಗದಿ ಮಾಡಿದ ಗರಿಷ್ಠದ ಪ್ರಕಾರ ಕಾರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ವಿಭಜಕವಿರುವ ನಾಲ್ಕು ಪಥದಲ್ಲಿ 100, ಉಳಿದ ರಸ್ತೆಗಳಲ್ಲಿ 70. ಅಲ್ಲಲ್ಲಿ ಕಡಿಮೆ ಮಿತಿಯ ಫಲಕವಿದ್ದರೆ ಫಲಕದ್ದೇ ಮಾತು. ಅಂದರೆ ಮಲೆನಾಡಿನ ಬಹುಪಾಲು ರಸ್ತೆಗಳಲ್ಲಿ ಮಿತಿ ಆಗಲೇ ಎಪ್ಪತ್ತು, ಪಾಲಿಸುವವರು ಎಷ್ಟು ಜನ ಎಂಬುದನ್ನು ಸಾಗರ ರಸ್ತೆಯ ಬದಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಫಲಕದ ಅಂಕಿಯನ್ನು ಇನ್ನಷ್ಟು ಇಳಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಇರುವುದನ್ನು ಕಾಯುವುದಕ್ಕೆ ಇದೆ. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾಗಳು ಬಂದ ಮೇಲೆ ಸ್ಪೀಡೋಮೀಟರ್ ನೋಡಿಕೊಂಡು ಓಡಿಸುವವರನ್ನು ನಾನೇ ಕಂಡಿದ್ದೇನೆ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್ ಕೂಡ ಇದೆ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನದು ಎಂಬುದು ನಿಜ. ಆದರೆ ನೂರನ್ನು ಎಂಬತ್ತು ಮಾಡಿದರೆ ಉಳಿಯುವುದು ನೂರರಲ್ಲಿ ಹೋಗಲು ಸಾಧ್ಯವಿರುವ ರಸ್ತೆಗಳಲ್ಲಿ ಮಾತ್ರ. ನಮ್ಮ ದಾರಿಗಳಲ್ಲಿ ಹಂಪ್, ಗುಂಡಿ, ಮುಗಿಯದ ಕಾಮಗಾರಿ ತಿನ್ನುವ ಎಣ್ಣೆಗೆ ಯಾವ ಫಲಕವೂ ತಾಗುವುದಿಲ್ಲ.

ಟ್ಯಾಕ್ಸಿಯವರಿಗೆ ನಾನು ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ, ಎಂಬತ್ತರ ಬೀಗ ಅವರ ಪರವಾಗಿ ಎಲ್ಲ ತೀರ್ಮಾನಿಸಿದೆ. ಮಿಕ್ಕವರಿಗೂ ಅದರ ಸಣ್ಣ ರೂಪವೊಂದಿದೆ. 2019ರ ಜುಲೈ ನಂತರ ತಯಾರಾದ ಕಾರುಗಳು ಎಂಬತ್ತು ದಾಟಿದರೆ ಆಗಾಗ ಟಿಣ್ ಎನ್ನುತ್ತವೆ, ನೂರಿಪ್ಪತ್ತರ ಮೇಲೆ ಬಿಡದೆ ಬಡಿದುಕೊಳ್ಳುತ್ತವೆ. ಅದನ್ನು ಕಿತ್ತು ಹಾಕಿಸುವ ಬದಲು, ಪ್ರತಿ ಟಿಣ್ಣಿಗೂ "ಈಗ ಗಂಟೆಗೆ ನಾನೂರರ ದರದಲ್ಲಿ ಕೊಳ್ಳುತ್ತಿದ್ದೇನೆ" ಎಂದುಕೊಳ್ಳಿ.

ಭಾವನವರು ಈಗ ಎಪ್ಪತ್ತಕ್ಕೆ ಬಂದಿದ್ದಾರಂತೆ. ಹುಡುಗ ಇನ್ನೂ ನನ್ನ ಅಂಕಿಗಳನ್ನು ನಂಬುವುದಿಲ್ಲ. ನೀವೂ ನಂಬಬೇಕಾಗಿಲ್ಲ, ಡೀಸೆಲ್ ಕಾರಿಗೆ, ದೊಡ್ಡ ಗಾಡಿಗೆ, ಮೇಲೆ ಕ್ಯಾರಿಯರ್ ಕಟ್ಟಿದ್ದಕ್ಕೆ ಅವು ಬೇರೆಯೇ ಇರುತ್ತವೆ. ಟೈರಿನ ಗಾಳಿ ಸರಿಪಡಿಸಿ, ಊರಿನ ಒಂದೇ ಬಂಕಿನಲ್ಲಿ, ಒಂದೇ ಪಂಪಿನಲ್ಲಿ, ಪಂಪ್ ತಾನಾಗಿ ನಿಲ್ಲುವವರೆಗೆ ತುಂಬಿಸಿ. ಬೆಂಗಳೂರಿಗೆ ಹೋಗಿ ಬನ್ನಿ, ಸಾಧ್ಯವಿದ್ದಲ್ಲೆಲ್ಲ ಎಂಬತ್ತು. ಮರಳಿ ಅದೇ ಪಂಪಿನಲ್ಲಿ ತುಂಬಿಸಿ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿ. ಮುಂದಿನ ಸಲ ಅಷ್ಟೇ ಜನ, ಅದೇ ಹೊತ್ತು, ನೂರು. ಎರಡೂ ಸಲ ಮನೆಬಾಗಿಲಿನಿಂದ ಮನೆಬಾಗಿಲಿಗೆ ಎಷ್ಟು ಹೊತ್ತಾಯಿತು ಎಂದೂ ಬರೆದುಕೊಳ್ಳಿ. ಹೆಚ್ಚು ಕೊಟ್ಟ ರೂಪಾಯಿಯನ್ನು ಉಳಿದ ನಿಮಿಷದಿಂದ ಭಾಗಿಸಿ ಅರವತ್ತರಿಂದ ಗುಣಿಸಿದರೆ, ನಿಮ್ಮ ಗಾಡಿಯಲ್ಲಿ ನಿಮ್ಮ ದಾರಿಯಲ್ಲಿ ಒಂದು ಗಂಟೆ ಎಷ್ಟಕ್ಕೆ ಸಿಗುತ್ತಿದೆ ಎಂದು ತಿಳಿಯುತ್ತದೆ. ಇಡ್ಲಿಗೆ ನಿಂತ ಹೊತ್ತನ್ನು ಎರಡೂ ಕಡೆಯಿಂದ ಕಳೆಯಲು ಮರೆಯಬೇಡಿ.